ಶಿವಶಂಕರ ಮೇಷ್ಟ್ರು ಕಂಬಳಿ ಹಾಸಿದ್ದು

ಕಾಲೇಜಿನ ಆವರಣದಲ್ಲಿ ಯಾರೂ ರಾಜಕೀಯ ಮಾತನಾಡತಕ್ಕದ್ದಲ್ಲ ಎಂದು ಪ್ರಿನ್ಸಿಪಾಲರು ನೋಟೀಸು ಹಾಕಿದ ದಿನ ಎಲ್ಲರಿಗಿಂತ ಹೆಚ್ಚು ಫಜೀತಿಗೆ ಬಿದ್ದವರು ಶಿವಶಂಕರ ಮೇಷ್ಟ್ರು. ಲೆಕ್ಕದ ಮೇಷ್ಟ್ರು ಲೆಕ್ಕ ಹೇಳಿಕೊಂಡಿರಬಹುದು. ಇತಿಹಾಸದವರಿಗೆ ಸತ್ತವರ ಸುದ್ದಿಯೇ ಬೇಕಾದಷ್ಟಿದೆ. ಶಿವಶಂಕರ ಮೇಷ್ಟ್ರು ಹೇಳಬೇಕಾದದ್ದು ಮಾತ್ರ ರಾಜ್ಯಶಾಸ್ತ್ರ.

ಅವರು ಅತಿಥಿ ಉಪನ್ಯಾಸಕರು. ಅತಿಥಿ ಅಂದರೆ ಗೊತ್ತಲ್ಲ, ಇನ್ನೊಂದು ಪಂಕ್ತಿಗೆ ಕೂರಿ ಅಂದರೆ ಕೂರಬೇಕು, ಎಲೆ ಎತ್ತಿ ಅಂದರೆ ಎತ್ತಬೇಕು. ಮುಂದಿನ ವರ್ಷಕ್ಕೆ ಅವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದು ಪ್ರಿನ್ಸಿಪಾಲ್ ಮಹೇಶ್ವರಪ್ಪನವರ ಒಂದು ಮಾತಿನ ಮೇಲೆ ನಿಂತಿತ್ತು. ಆ ಮಾತು ಅದೇ ವಾರ ಹೊರಬೀಳುವುದಿತ್ತು. ಹಾಗಾಗಿ ಮೇಷ್ಟ್ರು ನೋಟೀಸಿನ ಕೂದಲೂ ಕೊಂಕದಂತೆ ಪಾಠ ಶುರು ಮಾಡಿದರು.

"ಗ್ರೀಸ್ ದೇಶದಲ್ಲಿ ಒಬ್ಬರಿದ್ದರು. ಅವರು ಒಂದು ವಿಷಯದ ಬಗ್ಗೆ ಬಹಳ ಯೋಚನೆ ಮಾಡಿದರು. ಯಾವ ವಿಷಯ ಅನ್ನೋದು ನಮಗೆ ಬೇಡ. ಅವರ ಶಿಷ್ಯರು, ಅದು ಹಾಗಲ್ಲ ಅಂದರು. ಏನು ಹಾಗಲ್ಲ ಅನ್ನೋದೂ ಬೇಡ."

ಮೊದಲ ಬೆಂಚಿನ ಮಧುಶ್ರೀ ಎದ್ದು ನಿಂತಳು. "ಸಾರ್, ರಾಜ್ಯಕ್ಕೂ ಸರ್ಕಾರಕ್ಕೂ ಏನ್ ಸಾರ್ ವ್ಯತ್ಯಾಸ?"

"ಕಾಂಪೌಂಡಿನಾಚೆ ಕೇಳಮ್ಮ. ಬಸ್‌ಸ್ಟ್ಯಾಂಡಲ್ಲಿ ಹೇಳ್ತೀನಿ."

ನೋಟೀಸಿಗೆ ಮೂಲವೇ ಈ ಮಧುಶ್ರೀ, ಜೊತೆಗೆ ಕೊನೆಯ ವರ್ಷದ ಚನ್ನೇಶ. ವಿದ್ಯಾರ್ಥಿ ಸಂಘಕ್ಕೆ ಚುನಾವಣೆ ಆಗಬೇಕು ಅಂತ ಅವಳು. ಚುನಾವಣೆ ಸುತರಾಂ ಬೇಡ, ಹೆಚ್ಚು ಅಂಕ ತೆಗೆದವರನ್ನು ಮೇಷ್ಟ್ರುಗಳೇ ಆರಿಸಲಿ ಅಂತ ಇವನು. ಕ್ಯಾಂಟೀನಿನಲ್ಲಿ ಶುರುವಾದ ಮಾತು ಕೂಗಾಯಿತು, ಕೂಗು ಕೈಗೆ ಬಂತು, ಕೈಗೆ ಮಂಡಕ್ಕಿ ತಟ್ಟೆ ಸಿಕ್ಕಿತು. ಆ ಹೊತ್ತಿಗೇ ಟೀ ಕುಡಿಯಲು ಒಳಗೆ ಬಂದ ಪ್ರಿನ್ಸಿಪಾಲರಿಗೆ ಮೆಣಸಿನಕಾಯಿ ಸಮೇತ ಅಭಿಷೇಕವಾಯಿತು. ಅವರು ತಲೆ ಒರೆಸಿಕೊಳ್ಳುವ ಮೊದಲು ನೋಟೀಸು ಬರೆದರು.

ಆ ದಿನ ಮಧ್ಯಾಹ್ನ ಮೇಷ್ಟ್ರ ಕಂಕುಳಲ್ಲಿ ಒಂದು ಹೊಸ ಕರಿ ಕಂಬಳಿಯಿತ್ತು. ಉಳವಿ ಕಡೆಯ ಅವರ ಅತ್ತೆ ಗುಡ್ಡಮ್ಮ ಶಿಕಾರಿಪುರದ ನೆಂಟರ ಕೈಲಿ ನೇಯಿಸಿದ ಕಂಬಳಿ. ಗುಡ್ಡಮ್ಮನೂ ಮೇಷ್ಟ್ರ ಹೆಂಡತಿ ಸಂಗೀತಳೂ ಪೇಟೆಗೆ ಸೀರೆ ತೆಗೆಯಲು ಬಂದಿದ್ದರು. ಸಂಜೆ ಮೂವರೂ ಒಟ್ಟಿಗೆ ಸೊರಬದ ಬಸ್ಸು ಹತ್ತುವುದೆಂದು ಮಾತಾಗಿತ್ತು. "ನೇಯೋವಾಗ ಹಚ್ಚಿದ ಹುಣಸೆಬೀಜದ ಗಂಜಿ ವಾಸನೆ ಇನ್ನೂ ಹೋಗಿಲ್ಲ ಕಣ್ರೀ, ಸೀರೆ ಅಂಗಡಿಯೋರು ಒಳಗೆ ಬಿಡಲ್ಲ. ಬಿಸಿಲಿಗೆ ಹಾಕಿ ಇಟ್ಕಳಿ" ಎಂದು ಸಂಗೀತ ಅದನ್ನು ಗಂಡನಿಗೆ ವಹಿಸಿ ಹೋಗಿದ್ದಳು.

ಗುಡ್ಡಮ್ಮನಿಗೆ ಅಳಿಯನ ಮೇಲೆ ಅಪಾರ ಗೌರವ. ಮದುವೆ ಮಾತುಕತೆಯ ದಿನ ಮೇಷ್ಟ್ರು, "ನಾನು ಹೋದ್ರೆ ಪ್ರಿನ್ಸಿಪಾಲರು ಎದ್ದು ನಿಲ್ತಾರೆ" ಅಂದಿದ್ದರು. ಸುಳ್ಳೇನಲ್ಲ. ಎದ್ದು ನಿಂತು, "ಈಗ ಹೊರಗೆ ಹೊರಟಿದೀನಿ, ನಾಳೆ ಬನ್ರಿ" ಅನ್ನುತ್ತಿದ್ದರು.

ಲೈಬ್ರರಿ ಮುಂದಿನ ಹೊಂಗೆ ಮರದ ಕೆಳಗೆ ಅರ್ಧ ಬಿಸಿಲು, ಅರ್ಧ ನೆರಳು. ಮೇಷ್ಟ್ರು ಕಂಬಳಿ ಹಾಸಿದರು. ನಾಯಿ ತುಳಿದೀತು ಎಂದು ಅಂಚಿನಲ್ಲಿ ಕೂತರು. ಬುತ್ತಿ ಬಿಚ್ಚಿ ರೊಟ್ಟಿ ಪಲ್ಯ ಮುಗಿಸಿದರು. ಅಂಚಿನಿಂದ ನಡುವಿಗೆ ಯಾವಾಗ ಜರುಗಿದರೋ, ಬೆನ್ನು ಮರಕ್ಕೆ ಯಾವಾಗ ಆನಿತೋ ಅವರಿಗೂ ತಿಳಿಯದು. ಗಾಳಿ ಬಂದಾಗ ಎಲೆಗಳ ನಡುವಿನ ಬೆಳಕು ಕಂಬಳಿಯ ಮೇಲೆ ಸಣ್ಣ ಮೀನುಗಳ ಹಾಗೆ ಓಡಾಡುತ್ತಿತ್ತು. ದೂರದಲ್ಲೆಲ್ಲೋ ಯಾರದೋ ಪಂಪ್‌ಸೆಟ್ಟು ಜೋಗುಳ ಹಾಡುತ್ತಿತ್ತು. ಮೇಷ್ಟ್ರು ನೆಟ್ಟಗೆ, ಪದ್ಮಾಸನದಲ್ಲಿ, ಕಣ್ಣು ಅರೆ ತೆರೆದುಕೊಂಡು ನಿದ್ದೆ ಹೋದರು. ಪರೀಕ್ಷೆ ಕೊಠಡಿಗಳಲ್ಲಿ ವರ್ಷಗಟ್ಟಲೆ ಮೇಲ್ವಿಚಾರಣೆ ಮಾಡಿದವರಿಗೆ ಮಾತ್ರ ಒಲಿಯುವ ವಿದ್ಯೆ ಅದು.

ಕನಸಿನಲ್ಲಿ ಅವರ ಕ್ಲಾಸಿನ ತುಂಬ ಕುರಿಗಳು. ಹೆಸರು ಕೂಗಿದರೆ ಒಂದೊಂದೇ ಎದ್ದು ವಿನಯದಿಂದ ಬ್ಯಾ ಅನ್ನುತ್ತಿವೆ. ಕಿಟಕಿಯಾಚೆ ಮೋಡಗಳೂ ಕುರಿಗಳಂತೆಯೇ ಒಂದನ್ನೊಂದು ನೂಕುತ್ತ ಚಂದ್ರಗುತ್ತಿ ಗುಡ್ಡದ ಕಡೆ ಹೊರಟಿವೆ. ಯಾರಿಗೂ ಅವಸರವಿಲ್ಲ. ಗೋಡೆಯ ಮೇಲೆ ನೋಟೀಸೂ ಇಲ್ಲ.

ಅಷ್ಟರಲ್ಲಿ ಆ ದಾರಿಯಲ್ಲಿ ಹರೀಶ ಬಂದ. ಬಂದಳಿಕೆ ಕಡೆಯ ಹುಡುಗ, ಕುರಿ ಸಾಕುವ ಮನೆಯವನು. ಮೇಷ್ಟ್ರದೂ ಅಂಥದೇ ಮನೆತನ. ಅವರ ಹಟ್ಟಿಗಳಲ್ಲಿ ಹಗಲು ಹೊತ್ತು ಬಯಲಿನಲ್ಲಿ ಕಂಬಳಿ ಹಾಸಿ ಮಲಗುವವರು ಯಾರೂ ಇಲ್ಲ. ಹಿರಿಯರೊಬ್ಬರು ಹಾಗೆ ಹಾಸಿ ಕೂತರೆಂದರೆ ಮಾತು ಕೇಳಲು ಕೂತರೆಂದೇ ಅರ್ಥ. ಚಪ್ಪಲಿ ಬಿಟ್ಟು, ಅಂಚು ಮುಟ್ಟಿ, ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ನಡುವೆ ಬಾಯಿ ಹಾಕಿದವರಿಗೆ ಒಂದು ತೆಂಗಿನಕಾಯಿ ದಂಡ. ಎದುರು ಮಾತಾಡುವವನು ಮೊದಲು ಹಿಂದಿನವನ ಮಾತನ್ನು ತನ್ನ ಬಾಯಲ್ಲಿ ಹೇಳಬೇಕು. ಆತ "ಅದೇ ನಾ ಅಂದಿದ್ದು" ಅಂದ ಮೇಲೆಯೇ ತನ್ನದು ತೆಗೆಯಬೇಕು. ಕೂತ ಹಿರಿಯರಂತೂ ಎಲ್ಲರ ಮಾತು ಮುಗಿಯುವ ತನಕ ಏಳುವ ಹಾಗಿಲ್ಲ.

ಇಂಥ ನೋಟೀಸು ಹಾಕಿದ ದಿನವೇ ಕಂಬಳಿ ಹಾಸುವುದೆಂದರೆ ಎಂಥ ಗುಂಡಿಗೆ! ಹರೀಶ ಚಪ್ಪಲಿ ಬಿಟ್ಟು ಅಂಚು ಮುಟ್ಟಿದ.

"ಸಾರ್, ನಂದೊಂದು ಮಾತೈತಿ."

ಕನಸಿನಲ್ಲಿ ಕೊರಳಿಗೆ ಗಂಟೆ ಕಟ್ಟಿದ ಮರಿಯೊಂದು ಎದ್ದು ನಿಂತಿತು. "ಹೂಂ, ಹೇಳು" ಅಂದರು ಮೇಷ್ಟ್ರು.

"ಬೆಳಿಗ್ಗೆ ನಮ್ ಕಡಿ ಬಸ್ಸು ಹೊತ್ತಿಗೆ ಬರಂಗಿಲ್ಲ ಸಾರ್. ಫಸ್ಟ್ ಪೀರಿಯಡ್ ಹಾಜರಿ ದಿನಾ ಹೋಕತಿ. ಕೇಳಾಕೆ ಹೋದ್ರೆ ರಾಜಕೀಯ ಮಾತಾಡಬ್ಯಾಡ ಅಂತಾರ. ಬಸ್ಸು ರಾಜಕೀಯನಾ ಸಾರ್?"

"ಬಸ್ಸೂ ರಾಜಕೀಯಾನೇ ಮರಿ" ಅಂದರು ಮೇಷ್ಟ್ರು ಅಕ್ಕರೆಯಿಂದ. "ನೀನು ತಿನ್ನೋ ಹುಲ್ಲೂ ರಾಜಕೀಯಾನೇ."

ಹರೀಶ ಬೆಕ್ಕಸಬೆರಗಾದ. ಎರಡು ವರ್ಷ ಪಾಠ ಕೇಳಿದರೂ ಇಂಥ ಮಾತು ಇವರ ಬಾಯಿಂದ ಬಂದದ್ದಿಲ್ಲ. ಅದು ಆ ಕ್ಷಣವೇ ಫೋನಿಗೆ ಹತ್ತಿ ಕಾಲೇಜಿನ ಎಲ್ಲ ವಾಟ್ಸಾಪ್ ಗುಂಪುಗಳನ್ನೂ ಸುತ್ತಿತು. ಬಿ.ಕಾಂ. ಹುಡುಗರು ಹುಲ್ಲು ಅಂದರೆ ಅನ್ನ ಅಂದರು. ಸಾಹಿತ್ಯದವರು, ಹುಲ್ಲು ಅಂದರೆ ಸಾಮಾನ್ಯ ಮನುಷ್ಯ ಅಂದರು. ಸ್ವಲ್ಪ ಹೊತ್ತಿನಲ್ಲಿ ಹೊಂಗೆ ಮರದ ಸುತ್ತ ಜಾತ್ರೆಯಷ್ಟು ಚಪ್ಪಲಿ ಸಾಲುಗಟ್ಟಿದವು.

ಅಟೆಂಡರ್ ಸುರೇಶ ಏದುಸಿರು ಬಿಡುತ್ತ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದ. "ಸಾರ್, ಶಿವಶಂಕರ ಮೇಷ್ಟ್ರು ಕಂಬಳಿ ಹಾಸ್ಯಾರ!"

"ಹಾಸ್ಲಿ ಬಿಡೋ. ಊಟ ಆಗೈತಿ, ಮಲಗ್ತಾರೆ."

"ಮಲಗಾಕಲ್ಲ ಸಾರ್, ಕೂತಾರ! ಏಳಂಗಿಲ್ಲಂತ!"

ಇಡೀ ಕಾಲೇಜಿನಲ್ಲಿ ಆ ಮಧ್ಯಾಹ್ನ ಸತ್ಯ ಹೊಳೆದದ್ದು ಪ್ರಿನ್ಸಿಪಾಲರೊಬ್ಬರಿಗೇ. ಸುರೇಶ ಅದನ್ನು ಅಲ್ಲೇ ಹೊಸಕಿ ಹಾಕಿದ.

"ಧರಣಿನಾ? ಆ ಮನುಷ್ಯ ಈಸೂರಿನ ಕಡೆಯೋರೇನೋ?" ಎಂದು ಕೇಳಿದರು ಪ್ರಿನ್ಸಿಪಾಲರು, ಹಣೆ ಒರೆಸಿಕೊಳ್ಳುತ್ತ. ಈಸೂರಿನವರು ಕೂತರೆ ಬ್ರಿಟಿಷರ ಕೈಲೇ ಏಳಿಸಲಾಗಿರಲಿಲ್ಲ.

"ಅಲ್ಲ ಸಾರ್, ಸೊರಬದ ಕಡಿ."

"ಸದ್ಯ" ಎಂದು ಉಸಿರು ಬಿಟ್ಟರೂ ಅವರು ಪೊಲೀಸ್ ಸ್ಟೇಷನ್ನಿಗೆ ಫೋನು ಮಾಡಿಯೇ ಬಿಟ್ಟರು.

ಮರದ ಕೆಳಗೆ ಆಗ ಚನ್ನೇಶನ ಸರದಿ. ಮಧುಶ್ರೀ ತನ್ನದು ಹೇಳಿ ಮುಗಿಸಿದ್ದಳು.

"ಮೊದ್ಲು ಆಕೆ ಹೇಳಿದ್ದು ನಿನ್ ಬಾಯಾಗ ಹೇಳು" ಅಂದ ಹರೀಶ. ನಿಯಮ ಬಲ್ಲವನು ತಾನೊಬ್ಬನೇ ಆದ್ದರಿಂದ ಆಗಲೇ ಅವನಿಗೆ ನ್ಯಾಯಾಧೀಶರ ಗತ್ತು ಬಂದಿತ್ತು.

"ಇವಳು ಹೇಳೋದೇನಪ್ಪಾ ಅಂದ್ರೆ, ಇವಳಿಗೆ ಲೀಡರ್ ಆಗೋ ಚಟ."

"ಅಲ್ಲ. ಮತ್ತೆ ಹೇಳು" ಅಂದಳು ಮಧುಶ್ರೀ.

"ಚುನಾವಣೆ ಮಾಡಿ ಕಾಲೇಜು ಹಾಳು ಮಾಡ್ಬೇಕು ಅಂತಾಳೆ."

"ಅದೂ ಅಲ್ಲ. ಮತ್ತೆ."

ಚನ್ನೇಶ ಕತ್ತು ಕೆರೆದುಕೊಂಡ. ಹೇಳಿದರಷ್ಟೇ ತನ್ನ ಸರದಿ. "ಅಂಕ ಕಮ್ಮಿ ಬಂದೋರಿಗೂ ಬಾಯಿ ಅನ್ನೋದು ಐತಿ. ಅವರ ಪರವಾಗಿ ಮಾತಾಡೋರು ಯಾರು ಅಂತ ಅವರೇ ಆರಿಸ್ಬೇಕು ಅಂತಾಳೆ."

"ಅದೇ ನಾ ಅಂದಿದ್ದು!"

ತನ್ನ ಬಾಯಲ್ಲಿ ಆ ಮಾತು ಅಷ್ಟೇನೂ ಕೆಟ್ಟದಾಗಿ ಕೇಳಿಸಲಿಲ್ಲವಲ್ಲ ಎಂಬುದೇ ಚನ್ನೇಶನಿಗೆ ಇರುಸುಮುರುಸು. ಆಮೇಲೆ ತನ್ನದು ಹೇಳಿದ. ಮಧುಶ್ರೀ ಅದನ್ನು ಒಂದೇ ಏಟಿಗೆ ತಿರುಗಿ ಹೇಳಿದಳು. "ಇವನ ಅಣ್ಣ ಓದ್ತಿದ್ದ ಕಾಲೇಜಲ್ಲಿ ಚುನಾವಣೆ ಆಯ್ತು. ಹೊರಗಿನೋರು ಬ್ಯಾನರ್ರು ತಂದ್ರು, ಆಮೇಲೆ ದೊಣ್ಣೆ ತಂದ್ರು. ಅಣ್ಣನ ತಲೆ ಒಡೀತು. ಓದೂ ಅಲ್ಲಿಗೇ ನಿಂತೋಯ್ತು. ಅದಕ್ಕೇ ಇವನಿಗೆ ಬೇಡ."

"ಅದೇ ನಾನಂದಿದ್ದು." ಚನ್ನೇಶನ ದನಿ ಇಳಿದಿತ್ತು. "ಕ್ಯಾಂಟೀನಲ್ಲೂ ಇದನ್ನೇ ಹೇಳಿದ್ನಲ್ಲೇ ಮಾರಾಯ್ತಿ."

"ಅವಾಗ ನಾ ತಟ್ಟೆ ಹುಡುಕ್ತಿದ್ದೆ."

"ಹೂಂ" ಅಂದರು ಮೇಷ್ಟ್ರು. ಅವರ ಕನಸಿನಲ್ಲಿ ಎರಡು ಟಗರುಗಳು ಡಿಕ್ಕಿ ಹೊಡೆಯಲು ಹಿಂದೆ ಸರಿದು, ಯಾಕೋ ಮನಸ್ಸು ಬದಲಿಸಿ, ಒಂದೇ ಹುಲ್ಲಿನ ಮೆದೆಗೆ ಬಾಯಿ ಹಾಕಿದ್ದವು. ನೆರೆದವರಿಗೆ ಆ ಹೂಂಕಾರ ಎಷ್ಟು ತೂಕದ್ದಾಗಿ ಕೇಳಿಸಿತೆಂದರೆ ಕೆಲವರು ಕೈ ಮುಗಿದರು.

ಕಾನ್‌ಸ್ಟೇಬಲ್ ಲೋಕಪ್ಪ ಬೈಕಿನಲ್ಲಿ ಬಂದಿಳಿದ. ಅವನ ಹಿಂದೆಯೇ ಪ್ರಿನ್ಸಿಪಾಲರು ಬಂದರು. "ಏಳಿಸ್ರೀ ಅವರನ್ನ!"

ಲೋಕಪ್ಪ ಕಂಬಳಿ ನೋಡಿದ. ಅವನೂ ಹಟ್ಟಿಯವನೇ. ತೆಪ್ಪಗೆ ಬೂಟು ಬಿಚ್ಚಿದ. "ನನ್ನಿಂದಾಗಲ್ಲ ಸಾರ್. ನೀವು ಕಂಪ್ಲೇಂಟ್ ಕೊಟ್ರೆ ಸಾಹೇಬ್ರು ಸಸ್ಪೆಂಡ್ ಮಾಡ್ಬಹುದು, ಮಾಡ್ಲಿ. ಕಂಬಳಿ ಮೇಲೆ ಕೂತೋರ್ನ ಏಳಿಸಿದೆ ಅಂದ್ರೆ ನಮ್ಮವ್ವ ಮನೆ ಒಳಗೇ ಬಿಟ್ಕಳಲ್ಲ."

ಪ್ರಿನ್ಸಿಪಾಲರು ತಾವೇ ಮುನ್ನುಗ್ಗಿದರು. "ಏನ್ರೀ ಶಿವಶಂಕರ ಇದು? ನೋಟೀಸು ಓದಿಲ್ವೇನ್ರಿ?"

ಕನಸಿನಲ್ಲಿ ಕುರಿಗಳು ದಾರಿ ಬಿಟ್ಟವು. ಪ್ರಿನ್ಸಿಪಾಲರು ಬರುವುದು ಮೇಷ್ಟ್ರ ಕನಸಿಗೆ ಹೊಸದಲ್ಲ, ವಾರಕ್ಕೆರಡು ಸಲವಾದರೂ ಬರುತ್ತಿದ್ದರು. ಎಚ್ಚರವಿದ್ದಾಗ ತುಟಿ ದಾಟದ ಉತ್ತರಗಳನ್ನೆಲ್ಲ ಮೇಷ್ಟ್ರು ಅಲ್ಲೇ ಒಪ್ಪಿಸುತ್ತಿದ್ದರು. ಈಗಲೂ ಅರೆಗಣ್ಣಿನಲ್ಲೇ, ನೀರು ಹರಿದಷ್ಟು ಸಲೀಸಾಗಿ ಹೇಳಿದರು:

"ಬೂಟು ಬಿಡಿ ಸಾರ್. ನಡುವೆ ಬಾಯಿ ಹಾಕಿದ್ರಿ, ಒಂದು ತೆಂಗಿನಕಾಯಿ."

ಹರೀಶ ದಂಡವನ್ನು ಬೆರಳಲ್ಲಿ ಎಣಿಸಿಕೊಂಡ.

"ಯಾರ್ ಹತ್ರ ಮಾತಾಡ್ತಿದೀರಿ ಗೊತ್ತೇನ್ರಿ?"

"ಗೊತ್ತಿಲ್ದೇ ಏನ್ ಸಾರ್? ಹೋದ ಸಲ ಟಗರು ಹತ್ತಿ ಬಂದಿದ್ರಿ. ಎರಡು ತೆಂಗಿನಕಾಯಿ."

ಪ್ರಿನ್ಸಿಪಾಲರು ಸುತ್ತ ನೋಡಿದರು. ಒಬ್ಬರೂ ಕೂಗುತ್ತಿರಲಿಲ್ಲ, ಒಬ್ಬರೂ ನಗುತ್ತಿರಲಿಲ್ಲ. ಇಷ್ಟು ಶಿಸ್ತಿನಿಂದ ಕೂತ ವಿದ್ಯಾರ್ಥಿಗಳನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅದೇ ಅವರಿಗೆ ದಿಗಿಲು ಹುಟ್ಟಿಸಿತು. ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು.

ಅಷ್ಟರಲ್ಲಿ ಗೇಟಿನಲ್ಲಿ ಒಂದು ಆಟೋ ನಿಂತಿತು. ಸೀರೆ ಅಂಗಡಿಯವರೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಮೇಷ್ಟ್ರು ಆಮರಣ ಉಪವಾಸ ಕೂತಿದ್ದರು, ನಾಡಿ ಸಿಗುತ್ತಿರಲಿಲ್ಲ, ಡಾಕ್ಟರು ಕೈಚೆಲ್ಲಿದ್ದರು. ಸಂಗೀತ ಅರ್ಧ ಮಡಿಸಿದ ಸೀರೆಯನ್ನು ಅಲ್ಲೇ ಬಿಟ್ಟು ತಾಯಿಯೊಡನೆ ಓಡಿ ಬಂದಿದ್ದಳು.

ಗುಡ್ಡಮ್ಮನಿಗೆ ಕಂಡದ್ದು ಇಷ್ಟು: ಅಳಿಯಂದಿರು ಹೊಸ ಕಂಬಳಿಯ ಮೇಲೆ ಹಿರಿಯರಂತೆ ಕೂತಿದ್ದಾರೆ. ಪ್ರಿನ್ಸಿಪಾಲರು ಬರಿಗಾಲಲ್ಲಿ ಎದುರು ನಿಂತಿದ್ದಾರೆ. "ನೋಡಿದ್ಯೇನೇ ಸಂಗೀತ?" ಅಂದರು ಗುಡ್ಡಮ್ಮ ಎದೆಯುಬ್ಬಿಸಿ. "ಎದ್ದು ನಿಲ್ತಾರೆ ಅಂತ ಅವ್ರು ಅವತ್ತೇ ಹೇಳಿರ್ಲಿಲ್ವಾ? ನೀನೇ ಎಂತದೋ ಅನುಮಾನ ಮಾಡ್ದೆ."

ಸಂಗೀತಳ ಕಣ್ಣು ಬಿದ್ದದ್ದು ಪಕ್ಕದಲ್ಲಿದ್ದ ಖಾಲಿ ಬುತ್ತಿಯ ಮೇಲೆ. "ರೀ! ಬುತ್ತಿ ಪೂರಾ ಖಾಲಿ ಮಾಡಿ ಅದೆಂಥ ಉಪವಾಸನ್ರೀ ಇದು? ಆಟೋದೋನಿಗೆ ಮೀಟರ್ ಮೇಲೆ ಕೊಟ್ಟು ಬಂದಿದೀನಿ, ನಾಚಿಕೆ ಆಗಲ್ವಾ ನಿಮಗೆ?"

ಮೇಷ್ಟ್ರ ಕಣ್ಣು ಪೂರಾ ತೆರೆಯಿತು. ಅವರ ಕನಸುಗಳಲ್ಲಿ ಸಂಗೀತ ಯಾವತ್ತೂ ಬೈದವಳಲ್ಲ.

ಕುರಿಗಳು ಒಂದೊಂದಾಗಿ ಮಾಯವಾದವು. ಅವು ಕೂತಿದ್ದಲ್ಲೆಲ್ಲ ವಿದ್ಯಾರ್ಥಿಗಳು ಕೂತಿದ್ದರು. ಪ್ರಿನ್ಸಿಪಾಲರು ಮಾತ್ರ ಮಾಯವಾಗಲಿಲ್ಲ. ಕೈಯಲ್ಲಿ ಒಂದು ಬೂಟು ಹಿಡಿದು ಅಲ್ಲೇ ನಿಂತಿದ್ದರು. ಮುಂದಿನ ವರ್ಷ ಎಂಬುದು ಆ ಬೂಟಿನ ಲೇಸಿಗಿಂತ ಸಣ್ಣ ಎಳೆಯಲ್ಲಿ ಜೋತಾಡುತ್ತಿರುವುದು ಮೇಷ್ಟ್ರಿಗೆ ಸ್ಪಷ್ಟವಾಗಿ ಕಂಡಿತು. "ಸಾರ್, ಅದು... ಬಿಸಿಲಿಗೆ..." ಎನ್ನುತ್ತ ಏಳಲು ಹೋದರು.

"ಕೂತ್ಕಳಿ ಅಳಿಯಂದ್ರೇ!" ಗುಡ್ಡಮ್ಮ ಗುಡುಗಿದರು. "ಪಾಪ, ಅವ್ರು ಮಾತು ಶುರು ಮಾಡಕ್ಕೆ ನಿಂತಿದ್ದಾರೆ. ನಡುವೆ ಏಳದಾ? ನನ್ನ ಹೊಸ ಕಂಬಳಿ ಮಾನ ಎಂತ ಆಗ್ಬೇಕು?"

ಮೇಷ್ಟ್ರು ಕೂತರು. ಪ್ರಿನ್ಸಿಪಾಲರು ಬಾಯಿ ತೆರೆದರು.

"ಮೊದ್ಲು ಹುಡುಗರು ಹೇಳಿದ್ದು ನಿಮ್ ಬಾಯಾಗ ಹೇಳ್ರಿ ಸಾರ್" ಅಂದ ಹರೀಶ.

"ಅವರೇನು ಹೇಳಿದ್ರು?"

"ಕ್ಯಾಂಟೀನಲ್ಲಿ ಕೇಳಿಸ್ಲಿಲ್ವಾ ಸಾರ್?" ಅಂದಳು ಮಧುಶ್ರೀ.

"ಕಿವಿ ತುಂಬ ಮಂಡಕ್ಕಿ ಇತ್ತಲ್ಲೋ!"

ಆಗ ಜನ ನಕ್ಕರು, ಪ್ರಿನ್ಸಿಪಾಲರಿಗೂ ತಡೆಯಲಾಗಲಿಲ್ಲ. ಮಧುಶ್ರೀ, ಚನ್ನೇಶ ಇಬ್ಬರೂ ಇನ್ನೊಮ್ಮೆ ಹೇಳಿದರು. ವಿಚಿತ್ರವೆಂದರೆ ಅವಳದನ್ನು ಇವನು ಹೇಳಿದ, ಇವನದನ್ನು ಅವಳು ಹೇಳಿದಳು, ಅಭ್ಯಾಸ ಬಲ. ಪ್ರಿನ್ಸಿಪಾಲರು ಎರಡನ್ನೂ ತಪ್ಪಿಲ್ಲದೆ ತಿರುಗಿ ಒಪ್ಪಿಸಿದರು. ಆಮೇಲೆ ತಮ್ಮದಕ್ಕೆ ಬಂದಾಗ ಅವರ ದನಿ ನೋಟೀಸಿನ ದನಿಯಾಗಿ ಉಳಿದಿರಲಿಲ್ಲ.

"ನಂದೇನು ಅಂದ್ರೆ, ನಂಗೆ ಭಯ ಕಣ್ರಪ್ಪ. ಇಲ್ಲಿ ಒಂದು ತಟ್ಟೆ ಹಾರಿದ್ರೆ ಎರಡೂ ಪಾರ್ಟಿ ಲೀಡರ್‌ಗಳಿಂದ ಫೋನ್ ಬರ್ತಾವೆ. ಒಬ್ರು ನಮ್ಮ ಹುಡುಗರನ್ನ ಯಾಕೆ ಬೈದೆ ಅಂತಾರೆ, ಇನ್ನೊಬ್ರು ಆ ಕಡೆ ಹುಡುಗರನ್ನ ಯಾಕೆ ಬೈಲಿಲ್ಲ ಅಂತಾರೆ. ನೀವು ಮಾತಾಡೋದು ತಪ್ಪು ಅಂತ ನಾನು ನೋಟೀಸ್ ಹಾಕ್ಲಿಲ್ಲ. ಆ ಫೋನ್ ತಗೊಳ್ಳೋ ಧೈರ್ಯ ಇಲ್ದೇ ಹಾಕ್ದೆ. ಆಯ್ತು, ನೋಟೀಸು ಇರ್ಲಿ. ಅದರ ಕೆಳಗೆ ಒಂದು ಸಾಲು ಬರೀತೀನಿ, ಕಂಬಳಿ ಹಾಸಿದಾಗ ಇದು ಅನ್ವಯಿಸುವುದಿಲ್ಲ ಅಂತ. ಚುನಾವಣೆ ವಿಷಯ ಶುಕ್ರವಾರ ಇಲ್ಲೇ ಕೂತು ಮತ್ತೆ ಮಾತಾಡಾನ."

ಯಾರೋ ಒಬ್ಬಳು ಚಪ್ಪಾಳೆ ತಟ್ಟಲು ಹೋಗಿ ತೆಂಗಿನಕಾಯಿ ನೆನಪಾಗಿ ಕೈ ಇಳಿಸಿದಳು.

"ಇನ್ನು ಹಿರೀರು ತಮ್ಮದು ಹೇಳಿ ಮುಗಿಸ್ಬೇಕು" ಅಂದರು ಗುಡ್ಡಮ್ಮ.

ಎಲ್ಲರ ಮುಖವೂ ಮೇಷ್ಟ್ರ ಕಡೆ ತಿರುಗಿತು. ಹುಲ್ಲಿನಂಥ ಇನ್ನೊಂದು ಮಾತಿಗಾಗಿ ಸಾಹಿತ್ಯದವರು ಫೋನು ತೆಗೆದರು. ಮೇಷ್ಟ್ರು ನಿಯಮದಂತೆ ಪ್ರಿನ್ಸಿಪಾಲರ ಮಾತನ್ನು ಮೊದಲಿನಿಂದ ಹೇಳಿದರು. ಫೋನ್ ಬಂದಾಗ ಹೊಟ್ಟೆಯಲ್ಲಿ ಆಗುವ ತಳಮಳ, ಮೇಲಿನವರ ಹೆಸರು ಕೇಳಿದರೆ ಒಣಗುವ ಗಂಟಲು, ಬೇಡದ ಕಡೆಗೂ ತಾನಾಗಿ ಆಡುವ ತಲೆ, ಪ್ರಿನ್ಸಿಪಾಲರು ಹೇಳದೆ ಬಿಟ್ಟದ್ದನ್ನೂ ಸೇರಿಸಿ ಹೇಳಿದರು.

"ಅದೇ ರೀ, ಅದೇ ನಾನಂದಿದ್ದು!" ಪ್ರಿನ್ಸಿಪಾಲರು ಬೆರಗಾದರು. "ಇಷ್ಟು ಸರಿಯಾಗಿ ಹೆಂಗೆ ಹೇಳಿದ್ರಿ? ಇರ್ಲಿ, ಈಗ ನಿಮ್ಮದು ಹೇಳ್ರಿ."

"ನಂದೂ ಅದೇ ಸಾರ್."

ಮರದ ನೆರಳು ಆಗ ಉದ್ದವಾಗಿ ಲೈಬ್ರರಿ ಗೋಡೆ ಮುಟ್ಟಿತ್ತು. ಪ್ರಿನ್ಸಿಪಾಲರು ನಿಯಮದಂತೆ ತಿರುಗಿ ಹೇಳಲು ನಿಂತರು. "ಶಿವಶಂಕರ ಹೇಳೋದೇನಂದ್ರೆ, ಅವರಿಗೂ ಭಯ ಐತಿ. ಯಾರ ಭಯ ಅಂದ್ರೆ..." ತಡವರಿಸಿದರು. "ಯಾರ ಭಯ ರೀ?"

"ನಿಮ್ಮದೇ ಸಾರ್."

"ನಂದಾ?"

"ಹೂಂ ಸಾರ್."

ಪ್ರಿನ್ಸಿಪಾಲರು ಬೂಟನ್ನು ಕೆಳಗಿಟ್ಟರು. ಗುಮಾಸ್ತನಿಗೆ ಹೆದರಿ, ಆಡಳಿತ ಮಂಡಳಿಗೆ ಹೆದರಿ, ಫೋನಿಗೆ ಹೆದರಿ, ಕೊನೆಗೆ ಬೇಗ ಮನೆಗೆ ಹೋಗಲೂ ಹೆದರುತ್ತಿದ್ದ ಮನುಷ್ಯ ಅವರು. "ನಿಜವಾಗ್ಲೂ?" ಎಂದು ಮೆಲ್ಲಗೆ ಕೇಳಿದರು.

"ದೇವರಾಣೆ ಸಾರ್. ನಿಮ್ಮ ಬೂಟಿನ ಸದ್ದು ಕೇಳಿದ್ರೆ ಸಾಕು, ನಂಗೆ ಪಾಠ ಮರ್ತೋಗುತ್ತೆ."

"ಶಿವಶಂಕರ ಅವರಿಗೆ ನನ್ನ ಕಂಡ್ರೆ ಭಯ!" ಪ್ರಿನ್ಸಿಪಾಲರು ಇಡೀ ಬಯಲಿಗೆ ಕೇಳುವಂತೆ ಹೇಳಿದರು. ಒಂದು ಸಲ ಹೇಳಿದ್ದರೆ ಸಾಕಿತ್ತು. ಅವರು ಎರಡು ಸಲ ಹೇಳಿದರು.

"ಅದೇ ನಾ ಅಂದಿದ್ದು ಸಾರ್."

ಸಂಜೆಯ ಹಳದಿ ಬೆಳಕಿನಲ್ಲಿ ಪ್ರಿನ್ಸಿಪಾಲರು ಬರಿಗಾಲಲ್ಲೇ, ನೆಲಕ್ಕಿಂತ ನಾಲ್ಕು ಬೆರಳು ಮೇಲೆ ನಡೆಯುವವರಂತೆ ಆಫೀಸಿನ ಕಡೆ ತೇಲಿದರು. ಬಾಗಿಲಲ್ಲೇ ನಿಂತು ಗುಮಾಸ್ತನನ್ನು ಮೊಟ್ಟಮೊದಲ ಬಾರಿಗೆ ಗದರಿಸಿ ಕರೆದರು.

"ಶಿವಶಂಕರ ಅವರನ್ನ ಮುಂದಿನ ವರ್ಷಕ್ಕೂ ಹಾಕ್ಕೊಳ್ರಿ. ಅದರ ಮುಂದಿನ ವರ್ಷಕ್ಕೂ ಹಾಕ್ಕೊಳ್ರಿ. ಅವರೊಬ್ರು ಹೊರಟೋದ್ರೆ ಈ ಕಾಲೇಜಲ್ಲಿ ನನಗೆ ಹೆದರೋರು ಯಾರ್ರೀ ಇರ್ತಾರೆ?"